ಫೋಟೋ ಯಾಕೆ ಮಸುಕಾಗುತ್ತೆ, ಯಾವ ಫಾರ್ಮ್ಯಾಟಲ್ಲಿ ಇಟ್ಕೋಬೇಕು: ಕ್ಯಾಮೆರಾದಿಂದ ಫ್ರೇಮ್‌ವರೆಗೆ

ಹೋದ ವರ್ಷ ನಮ್ಮ ದೊಡ್ಡಪ್ಪ ತೀರ್ಕೊಂಡಾಗ ವೈಕುಂಠ ಸಮಾರಾಧನೆ ಹೊತ್ತಿಗೆ ಫ್ರೇಮ್ ಹಾಕ್ಸೋಕೆ ಒಂದು ಒಳ್ಳೆ ಫೋಟೋ ಬೇಕು ಅಂತ ಮನೆಯವರೆಲ್ಲ ಮೊಬೈಲ್ ತಡಕಾಡಿದ್ವಿ. ಎಲ್ರಿಗೂ ಇಷ್ಟ ಆಗಿದ್ದು ನನ್ ತಂಗಿ ಮದ್ವೇಲಿ ಅವ್ರು ಜರಿ ಶಲ್ಯ ಹೊದ್ದು ನಗ್ತಾ ಕೂತಿರೋ ಫೋಟೋ, ಆದ್ರೆ ನಮ್ಮ ಹತ್ರ ಇದ್ದಿದ್ದು ಯಾರೋ ಸ್ಟೇಟಸ್‌ಗೆ ಹಾಕಿದ್ದನ್ನ ಇನ್ಯಾರೋ ಸ್ಕ್ರೀನ್‌ಶಾಟ್ ತೆಗೆದು, ಪಕ್ಕದಲ್ಲಿದ್ದವ್ರನ್ನ ಕ್ರಾಪ್ ಮಾಡಿ, ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು. ಅದನ್ನೇ ಪೆನ್‌ಡ್ರೈವಿಗೆ ಹಾಕ್ಕೊಂಡು ಸ್ಟುಡಿಯೋಗೆ ಹೋದೆ. ಅಲ್ಲಿದ್ದ ಹುಡುಗ ಓಪನ್ ಮಾಡಿ ನೋಡಿ ಒಂದೇ ಮಾತು ಹೇಳ್ದ, "ಸಾರ್, ಇದ್ರಲ್ಲಿ ಏನೂ ಇಲ್ಲ." 412 × 530 ಪಿಕ್ಸೆಲ್ (ಫೋಟೋ ಕಟ್ಟೋ ಒಂದೊಂದು ಬಣ್ಣದ ಚುಕ್ಕಿನೇ ಪಿಕ್ಸೆಲ್), 38 ಕೆಬಿ. ನಮಗೆ ಬೇಕಿದ್ದಿದ್ದು 12 × 15 ಇಂಚಿನ ಫ್ರೇಮ್.

ತಪ್ಪು ಯಾರದ್ದೂ ಅಲ್ಲ, ನಮ್ಮದೇ. ಆ ಮದ್ವೇಲಿ ನೂರಾರು ಫೋಟೋ ತೆಗೆದ್ರು, ಒರಿಜಿನಲ್ ಎಲ್ಲಿದೆ ಅಂತ ಒಬ್ರಿಗೂ ಗೊತ್ತಿರಲಿಲ್ಲ. ಆಮೇಲೆ ನಾನು ಕೂತು ಇದನ್ನೆಲ್ಲ ಸರಿಯಾಗಿ ತಿಳ್ಕೊಂಡೆ, ಮನೇಲಿರೋ ಫೋಟೋಗಳನ್ನೆಲ್ಲ ಒಂದು ದಾರಿಗೆ ತಂದೆ, ಅದೇ ದಾರಿ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ.

ಮೊದ್ಲು: ಏನ್ ಮಾಡಿದ್ರೆ ಹಾಳಾಗಲ್ಲ

ಇದ್ರ ಬಗ್ಗೆ ಸುಳ್ಳು ನಂಬಿಕೆಗಳು ತುಂಬಾ ಓಡಾಡ್ತಿವೆ, ಅದಕ್ಕೆ ಇದ್ರಿಂದಾನೇ ಶುರು ಮಾಡ್ತೀನಿ. ಫೋಟೋನ ಸಾವಿರ ಸಲ ಓಪನ್ ಮಾಡಿ ನೋಡಿದ್ರೂ ಏನೂ ಆಗಲ್ಲ. ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಜಿಪ್ ಮಾಡಿ, ಹೆಸ್ರು ಬದ್ಲಾಯ್ಸಿ, ಒಂದು ಪಿಕ್ಸೆಲ್ಲೂ ಕದಲಲ್ಲ. ಡಿಜಿಟಲ್ ಕಾಪಿ ಅಂದ್ರೆ ಜೆರಾಕ್ಸ್ ಥರ ಅಲ್ಲ, ಹತ್ತನೇ ಕಾಪಿನೂ ಮೊದಲನೇದೂ ಒಂದೇ.

ಹಾಳಾಗೋದು ಮೂರು ಕಡೆ. ಒಂದು, ಯಾವ್ದೋ ಆ್ಯಪ್ ಫೋಟೋನ ಬಿಚ್ಚಿ ಮತ್ತೆ ಹೊಸದಾಗಿ ಕಂಪ್ರೆಸ್ ಮಾಡಿ, ಅಂದ್ರೆ ಹಿಂಡಿ ಸಣ್ಣ ಮಾಡಿ, ಸೇವ್ ಮಾಡಿದಾಗ. ಎರಡು, ಪಿಕ್ಸೆಲ್ ಸಂಖ್ಯೆನೇ ಕಮ್ಮಿ ಮಾಡಿದಾಗ, ಅಂದ್ರೆ 4000 × 3000 ಇದ್ದಿದ್ದು 1600 × 1200 ಆದಾಗ. ಮೂರು, ಸ್ಕ್ರೀನ್‌ಶಾಟ್ ತೆಗೆದಾಗ, ಯಾಕಂದ್ರೆ ಆಗ ನಿಮಗೆ ಸಿಗೋದು ಫೋಟೋ ಅಲ್ಲ, ಫೋಟೋ ತೋರಿಸ್ತಿದ್ದ ಸ್ಕ್ರೀನ್‌ನ ಚಿತ್ರ. ನಮ್ಮ ದೊಡ್ಡಪ್ಪನ ಫೋಟೋಗೆ ಮೂರೂ ಆಗಿತ್ತು.

ಇನ್ನೊಂದು ವಿಷ್ಯ. ಫೈಲ್ ಹೆಸ್ರಲ್ಲಿ ಕೊನೇಗಿರೋ ಜೆಪಿಜಿ (ಜೆಪೆಗ್ ಅನ್ನೋದೂ ಇದನ್ನೇ) ಅಳಿಸಿ ಪಿಎನ್‌ಜಿ ಅಂತ ಟೈಪ್ ಮಾಡಿದ್ರೆ ಫಾರ್ಮ್ಯಾಟ್ ಬದಲಾಗಲ್ಲ, ಡಬ್ಬಿ ಮೇಲಿನ ಚೀಟಿ ಬದಲಾಗುತ್ತೆ ಅಷ್ಟೇ, ಒಳಗೆ ಸಕ್ಕರೆ ಇದ್ರೆ ಸಕ್ಕರೆನೇ. ನಿಜವಾಗ್ಲೂ ಕನ್ವರ್ಟ್ ಮಾಡಿದ್ರೂ ಹೋಗಿರೋ ಕ್ಲಾರಿಟಿ ವಾಪಸ್ ಬರಲ್ಲ, ಫೈಲ್ ಮಾತ್ರ ನಾಲ್ಕೈದು ಪಟ್ಟು ದಪ್ಪ ಆಗುತ್ತೆ.

ಜೆಪೆಗ್ ಒಳಗೆ ನಡೆಯೋದೇನು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ನೀವೇ ಊಹಿಸ್ಬಹುದು.

12 ಮೆಗಾಪಿಕ್ಸೆಲ್ ಫೋಟೋ ಅಂದ್ರೆ 4000 × 3000, ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ 3 ಬೈಟ್, ಒಟ್ಟು 36 ಎಂಬಿ. ಆದ್ರೆ ಮೊಬೈಲಲ್ಲಿ ಅದೇ ಫೋಟೋ 4 ಎಂಬಿ ಆಸುಪಾಸು ಇರುತ್ತೆ. ಮಿಕ್ಕ 32 ಎಂಬಿ ಎಲ್ಲಿ ಹೋಯ್ತು? ಜೆಪೆಗ್ ನಮ್ಮ ಕಣ್ಣಿನ ದೌರ್ಬಲ್ಯ ನೋಡ್ಕೊಂಡು ಅದನ್ನ ಕಮ್ಮಿ ಮಾಡಿದೆ.

ಮೊದಲ್ನೇ ಕೈಚಳಕ ಬಣ್ಣದ್ದು. ಬೆಳಕು-ನೆರಳಿನ ವ್ಯತ್ಯಾಸ ನಮ್ಮ ಕಣ್ಣಿಗೆ ಚುರುಕಾಗಿ ಕಾಣುತ್ತೆ, ಬಣ್ಣದ ಸೂಕ್ಷ್ಮ ಅಷ್ಟು ಕಾಣಲ್ಲ. ಅದಕ್ಕೆ ಜೆಪೆಗ್ ಇವೆರಡನ್ನೂ ಬೇರೆ ಬೇರೆ ಮಾಡಿ, ಬೆಳಕನ್ನ ಪೂರ್ತಿ ಇಟ್ಕೊಂಡು, ಬಣ್ಣನ ಸಾಮಾನ್ಯವಾಗಿ 2 × 2 ಪಿಕ್ಸೆಲ್‌ಗೆ ಒಂದೇ ಅಂತ ಹಂಚುತ್ತೆ. ಸೆಟ್ಟಿಂಗಲ್ಲಿ 4:2:0 ಅಂತ ಕಾಣೋದು ಇದೇ. ಮುಖದ ಫೋಟೋಲಿ ಇದು ಗೊತ್ತೇ ಆಗಲ್ಲ. ಆದ್ರೆ ಕುಂಕುಮ ಬಣ್ಣದ ರೇಷ್ಮೆ ಸೀರೆ, ಅದಕ್ಕೆ ಚಿನ್ನದ ಜರಿ ಅಂಚು, ಅದನ್ನ ಝೂಮ್ ಮಾಡಿ ನೋಡಿ, ಕೆಂಪಿಗೂ ಚಿನ್ನಕ್ಕೂ ಮಧ್ಯೆ ಗೆರೆ ಕಲಸ್ಕೊಂಡಿರುತ್ತೆ. ಲಗ್ನಪತ್ರಿಕೆಲಿ ಹಳದಿ ಮೇಲೆ ಕೆಂಪು ಅಕ್ಷರ ಇದ್ರಂತೂ ಒತ್ತಕ್ಷರಗಳ ಸುತ್ತ ಇರುವೆ ಮುತ್ತಿದ ಹಾಗೆ ಕಾಣುತ್ತೆ.

ಎರಡನೇದು, ಚಿತ್ರನ 8 × 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸೋದು. ಒಂದೊಂದು ಚೌಕದ 64 ಪಿಕ್ಸೆಲ್‌ನ 64 ಬೇರೆ ನಂಬರ್‌ಗಳಾಗಿ ಬರೀತಾರೆ: ಸರಾಸರಿ ಎಷ್ಟು ಬೆಳಕು, ನಿಧಾನವಾಗಿ ಏರಿಳಿಯೋದು ಎಷ್ಟು, ಕೂದಲೆಳೆ ಥರ ಪಟಪಟ ಬದಲಾಗೋದು ಎಷ್ಟು, ಹೀಗೆ. ಈ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ ಅಂತಾರೆ. ಇದ್ರ ಐಡಿಯಾ ಕೊಟ್ಟವ್ರು ನಮ್ಮ ಬೆಂಗಳೂರಲ್ಲೇ ಹುಟ್ಟಿದ ನಾಸಿರ್ ಅಹ್ಮದ್, ಓದಿದ್ದು ಕೆ. ಆರ್. ಸರ್ಕಲ್ ಹತ್ರ ಇರೋ ನಮ್ಮ ಯುವಿಸಿಇ ಇಂಜಿನಿಯರಿಂಗ್ ಕಾಲೇಜಲ್ಲಿ, 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದ್ರು. 1972ರಲ್ಲಿ ಇದ್ರ ಮೇಲೆ ಕೆಲ್ಸ ಮಾಡೋಕೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ದುಡ್ಡು ಕೇಳಿದ್ರೆ ಕೊಡಲಿಲ್ಲ, ಐಡಿಯಾ ತೀರಾ ಸರಳ ಅಂತ ಒಬ್ಬ ಪರಿಶೀಲಕರು ಅಂದಿದ್ರಂತೆ. ಆದ್ರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಪೇಪರ್ ಪ್ರಕಟಿಸಿದ್ರು, 1992ರ ಜೆಪೆಗ್ ಸ್ಟ್ಯಾಂಡರ್ಡ್ ನಿಂತಿರೋದು ಅದ್ರ ಮೇಲೆ. ಕೆ. ಆರ್. ಸರ್ಕಲ್ಲಲ್ಲಿ ನಿಂತು ಸೆಲ್ಫಿ ತೆಗೆಯೋರಿಗೆ ಇದು ಗೊತ್ತಿರ್ಲಿ ಅಂತ ಹೇಳ್ದೆ.

ಡಿಸಿಟಿಯಿಂದ ಹೇಳ್ಕೊಳ್ಳೋ ಅಂಥ ನಷ್ಟ ಏನಿಲ್ಲ, ಅದು ಬರೀ ಲೆಕ್ಕ ಬದಲಾಯಿಸಿ ಬರೆಯೋದು. ನಷ್ಟ ಆಗೋದು ಮುಂದಿನ ಹೆಜ್ಜೇಲಿ, ಆ 64 ನಂಬರ್‌ಗಳನ್ನ ರೌಂಡ್ ಮಾಡ್ವಾಗ. ಅಂಗಡಿಯವ್ರು ಚಿಲ್ರೆ ಇಲ್ಲ ಅಂತ 47 ರೂಪಾಯಿನ 50 ಮಾಡ್ತಾರಲ್ಲ, ಹಾಗೆ. ರೌಂಡ್ ಮಾಡೋ ಹೆಜ್ಜೆ 10 ಅಂತ ಇಟ್ಕೊಳ್ಳಿ, 47 ಇದ್ದಿದ್ದು 50 ಆಗುತ್ತೆ, 4 ಇದ್ದಿದ್ದು ಸೊನ್ನೆ ಆಗುತ್ತೆ. ಸೊನ್ನೆಗಳು ಜಾಸ್ತಿ ಆದಷ್ಟೂ ಫೈಲ್ ಸಣ್ಣ ಆಗುತ್ತೆ. ಕ್ವಾಲಿಟಿ ಸ್ಲೈಡರ್ ಅಂತ ನೀವು ಎಳೆಯೋದು ಈ ಹೆಜ್ಜೆ ಎಷ್ಟು ದೊಡ್ಡದಿರಬೇಕು ಅನ್ನೋದನ್ನೇ. ಸೊನ್ನೆ ಆಗಿ ಹೋಗಿದ್ದು ಮೊದ್ಲು 4 ಇತ್ತೋ 2 ಇತ್ತೋ ಅಂತ ಆಮೇಲೆ ಯಾವ ಸಾಫ್ಟ್‌ವೇರಿಗೂ ಗೊತ್ತಾಗಲ್ಲ.

ಈಗ ಮತ್ತೆ ಮತ್ತೆ ಸೇವ್ ಮಾಡಿದ್ರೆ ಏನಾಗುತ್ತೆ ನೋಡಿ. ಒಂದು ನಂಬರ್ 6 ಇತ್ತು. ಮೊದಲ ಆ್ಯಪ್ ಹೆಜ್ಜೆ 10 ಇಟ್ಟು ಅದನ್ನ 10 ಮಾಡ್ತು. ಎರಡನೇ ಆ್ಯಪ್‌ದು ಹೆಜ್ಜೆ 16, ಹತ್ತು ಅನ್ನೋದು ಹದಿನಾರಕ್ಕೆ ಹತ್ರ ಅಂತ 16 ಮಾಡ್ತು. ಮೂರನೇದು ಹೆಜ್ಜೆ 7, 14 ಆಯ್ತು. 6 ಅಂತ ಹೊರಟಿದ್ದು 14ಕ್ಕೆ ಬಂದು ಕೂತಿದೆ, ಚಿತ್ರದಲ್ಲಿ ಇಲ್ಲದೇ ಇದ್ದ ಗೆರೆ, ಚುಕ್ಕಿ ಕಾಣಿಸ್ಕೊಳ್ಳೋದು ಹೀಗೆ. ಅದೇ ಒಂದೇ ಸಾಫ್ಟ್‌ವೇರಲ್ಲಿ, ಒಂದೇ ಕ್ವಾಲಿಟಿಲಿ, ಏನೂ ಎಡಿಟ್ ಮಾಡ್ದೆ ಹತ್ತು ಸಲ ಸೇವ್ ಮಾಡಿದ್ರೆ ಮೊದಲನೇ ಸಲ ಆದಷ್ಟು ಪೆಟ್ಟು ಆಮೇಲೆ ಬೀಳಲ್ಲ, 50 ಆಗಿದ್ದು 50 ಆಗೇ ಉಳಿಯುತ್ತೆ. ಅಪಾಯ ಇರೋದು ಆ್ಯಪ್‌ನಿಂದ ಆ್ಯಪ್‌ಗೆ ಹಾರೋದ್ರಲ್ಲಿ, ಮಧ್ಯೆ ಕ್ರಾಪ್ ಮಾಡೋದ್ರಲ್ಲಿ, ಯಾಕಂದ್ರೆ ಮೂರು ಪಿಕ್ಸೆಲ್ ಕ್ರಾಪ್ ಮಾಡಿದ್ರೂ 8 × 8 ಚೌಕಗಳು ಪಕ್ಕಕ್ಕೆ ಸರಿದು ಲೆಕ್ಕ ಹೊಸದಾಗಿ ಶುರು ಆಗುತ್ತೆ.

ನೀವೇ ಒಂದ್ಸಲ ಮಾಡಿ ನೋಡಿ

ನಾನು ಹೇಳಿದ್ದನ್ನ ನಂಬೋದು ಬೇಡ. ಜಿಂಪ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಾಕ್ಕೊಳ್ಳಿ. ಜರಿ ಅಂಚೋ, ಕನ್ನಡ ಅಕ್ಷರ ಇರೋ ಬೋರ್ಡೋ, ಹಿಂದೆ ಸ್ವಲ್ಪ ಖಾಲಿ ಆಕಾಶವೋ ಇರೋ ಒಂದು ಫೋಟೋ ತಗೊಳ್ಳಿ. ಎಕ್ಸ್‌ಪೋರ್ಟ್ ಕೊಟ್ಟು ಕ್ವಾಲಿಟಿ 95, 85, 60, 30 ಅಂತ ನಾಲ್ಕು ಬೇರೆ ಬೇರೆ ಹೆಸ್ರಲ್ಲಿ ಸೇವ್ ಮಾಡಿ, ಪ್ರತಿಸಲವೂ ಒರಿಜಿನಲ್‌ನಿಂದಾನೇ. ಆಮೇಲೆ ನಾಲ್ಕನ್ನೂ 200% ಝೂಮ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಇಡೀ ಫೋಟೋ ಸ್ಕ್ರೀನಲ್ಲಿ ಹಿಡಿಯೋ ಹಾಗಿಟ್ಟು ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ, ಮೋಸ ಹೋಗೋದು ಅಲ್ಲೇ.

ಮೂರು ಜಾಗ ನೋಡಿ: ಅಕ್ಷರಗಳ ಅಂಚಲ್ಲಿ ಧೂಳು ಹಿಡಿದ ಹಾಗಿರೋದು, ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಬದಲಾಗೋದು, ಕೂದಲು, ಹುಲ್ಲಿನ ಜಾಗ ಮೇಣ ಸವರಿದ ಹಾಗೆ ನುಣ್ಣಗಾಗಿರೋದು. 95ಕ್ಕೂ 85ಕ್ಕೂ ವ್ಯತ್ಯಾಸ ಹುಡುಕೋಕೆ ಕಷ್ಟ ಆಗುತ್ತೆ, ಆದ್ರೆ ಫೈಲ್ ಸೈಜ್ ಅರ್ಧದ ಹತ್ರ ಇಳಿದಿರುತ್ತೆ. 30ರದ್ದು ನೋಡಿದ್ರೆ ನಗು ಬರುತ್ತೆ. ನನ್ನ ಲೆಕ್ಕ ಇಷ್ಟು: ಇಟ್ಕೊಳ್ಳೋಕೆ, ಪ್ರಿಂಟ್‌ಗೆ 92-95, ಬೇರೆಯವ್ರಿಗೆ ಕಳಿಸೋಕೆ 80-85. 100 ಇಡೋದು ದಂಡ, ಫೈಲ್ ಊದಿಕೊಳ್ಳುತ್ತೆ, ಕಣ್ಣಿಗೆ ಏನೂ ಸಿಗಲ್ಲ. ಒಂದು ಮಾತು, ಒಂದು ಸಾಫ್ಟ್‌ವೇರಿನ 80 ಇನ್ನೊಂದರ 80 ಅಲ್ಲ, ಫೋಟೋಶಾಪಲ್ಲಂತೂ ಸೇವ್ ಮಾಡ್ವಾಗ 0ಯಿಂದ 12ರ ಅಳತೆ ಬರುತ್ತೆ, ಅದಕ್ಕೆ ನಂಬರ್ ನಂಬೋದಕ್ಕಿಂತ ಕಣ್ಣು ನಂಬಿ.

ಯಾವ ಕೆಲ್ಸಕ್ಕೆ ಯಾವ ಫಾರ್ಮ್ಯಾಟ್

ಜೆಪೆಗ್, ಅಂದ್ರೆ ಜೆಪಿಜಿ, ಎರಡೂ ಒಂದೇ. ಮೂವತ್ತು ವರ್ಷದ ಹಳೇದು ಅಂತ ಯಾರಾದ್ರೂ ಮೂಗು ಮುರಿದ್ರೆ ತಲೆ ಕೆಡಿಸ್ಕೋಬೇಡಿ. ಯಾವ ಟಿವಿ, ಯಾವ ಸ್ಟುಡಿಯೋ, ಯಾವ ಸರ್ಕಾರಿ ವೆಬ್‌ಸೈಟಲ್ಲಾದ್ರೂ ಓಪನ್ ಆಗೋದು ಇದೊಂದೇ. ಮೊಬೈಲಲ್ಲಿ ತೆಗೆದಿದ್ದು ಜೆಪೆಗ್ ಆಗಿದ್ರೆ ಅದೇ ನಿಮ್ಮ ಒರಿಜಿನಲ್, ಅದನ್ನ ಟಿಫ್ ಮಾಡಿ ಪಿಎನ್‌ಜಿ ಮಾಡಿ ಅಂತ ಒದ್ದಾಡೋ ಅಗತ್ಯ ಇಲ್ಲ.

ಪಿಎನ್‌ಜಿ ಒಂದು ಪಿಕ್ಸೆಲ್ಲೂ ಬಿಸಾಕಲ್ಲ. 1990ರ ದಶಕದಲ್ಲಿ ಜಿಫ್ ಫಾರ್ಮ್ಯಾಟಿನ ಒಳಗಿದ್ದ ಕಂಪ್ರೆಷನ್‌ಗೆ ಪೇಟೆಂಟ್ ದುಡ್ಡು ಕೇಳೋಕೆ ಶುರು ಮಾಡಿದಾಗ, ನಮಗೆ ನಿಮ್ದು ಬೇಡ ಅಂತ ಇಂಟರ್ನೆಟ್ಟಿನ ಜನ ಸೇರಿ ಮಾಡ್ಕೊಂಡಿದ್ದು ಇದು, 1996ರಲ್ಲಿ ಬಂತು. ಸ್ಕ್ರೀನ್‌ಶಾಟ್, ಲೋಗೋ, ಅಕ್ಷರ ಜಾಸ್ತಿ ಇರೋ ಪೋಸ್ಟರ್, ಹಿಂದಿನ ಬ್ಯಾಕ್‌ಗ್ರೌಂಡ್ ಖಾಲಿ ಇರ್ಬೇಕಾದ ಚಿತ್ರ, ಇವಕ್ಕೆಲ್ಲ ಪಿಎನ್‌ಜಿ. ಡಿಸೈನ್ ಮಾಡಿಸಿದ ಲಗ್ನಪತ್ರಿಕೆ ಜೆಪೆಗಲ್ಲಿ ಕೊಟ್ರೆ ತಗೋಬೇಡಿ, ಪಿಡಿಎಫ್ ಕೇಳಿ, ಅದಿಲ್ಲ ಅಂದ್ರೆ ಪಿಎನ್‌ಜಿ ಕೇಳಿ. ಆದ್ರೆ ಮದ್ವೆ ಫೋಟೋಗಳನ್ನ ಪಿಎನ್‌ಜಿಲಿ ಇಡೋಕೆ ಹೋಗ್ಬೇಡಿ, 4 ಎಂಬಿ ಇರೋದು 15-20 ಎಂಬಿ ಆಗಿ ಡಿಸ್ಕ್ ತುಂಬುತ್ತೆ, ಕ್ಲಾರಿಟಿ ಒಂದು ಚೂರೂ ಏರಲ್ಲ.

ಎಚ್‌ಇಐಸಿ ಐಫೋನ್ ಇರೋರ ತಲೆನೋವು. 2017ರಲ್ಲಿ ಐಒಎಸ್ 11 ಬಂದಾಗಿಂದ ಐಫೋನ್ 7 ಮತ್ತೆ ಅದಕ್ಕಿಂತ ಹೊಸ ಫೋನ್‌ಗಳು ಇದ್ರಲ್ಲೇ ಸೇವ್ ಮಾಡ್ತವೆ. ಫಾರ್ಮ್ಯಾಟ್ ಒಳ್ಳೇದೇ, ಜೆಪೆಗ್‌ಗಿಂತ ಸುಮಾರು ಅರ್ಧ ಜಾಗದಲ್ಲಿ ಅದೇ ಕ್ವಾಲಿಟಿ ಕೊಡುತ್ತೆ, ಆದ್ರೆ ಊರಿನ ಸ್ಟುಡಿಯೋಗೆ ತಗೊಂಡು ಹೋದ್ರೆ ಓಪನ್ ಆಗಲ್ಲ ಅಂತಾರೆ, ವಿಂಡೋಸಲ್ಲೂ ಬೇರೆ ಎಕ್ಸ್‌ಟೆನ್ಷನ್ ಹಾಕ್ಕೋಬೇಕಾಗ್ಬಹುದು. ಜೊತೆಗಿರೋರಿಗೆ ಫೋಟೋ ಹಂಚೋದೇ ಜಾಸ್ತಿ ಅಂದ್ರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಇಡಿ, ಜೆಪೆಗ್ ಬರುತ್ತೆ. ನಾನಾಗಿದ್ರೆ ಎಚ್‌ಇಐಸಿಲೇ ಬಿಟ್ಟು, ಬೇಕಾದಾಗ ಒಂದು ಜೆಪೆಗ್ ಕಾಪಿ ಮಾಡ್ಕೊಳ್ತೀನಿ, ಒರಿಜಿನಲ್ ಅಳಿಸಲ್ಲ. ಕಂಪ್ಯೂಟರಿಗೆ ಕೇಬಲ್ ಹಾಕಿ ತೆಗಿಯೋ ಮುಂಚೆ ಫೋಟೋಸ್ ಸೆಟ್ಟಿಂಗಲ್ಲಿ 'ಕೀಪ್ ಒರಿಜಿನಲ್ಸ್' ಇದೆಯಾ ನೋಡ್ಕೊಳ್ಳಿ, 'ಆಟೋಮ್ಯಾಟಿಕ್' ಇದ್ರೆ ದಾರೀಲೇ ಜೆಪೆಗ್ ಆಗಿಬಿಡುತ್ತೆ.

ರಾ ಫೈಲ್ ಅಂದ್ರೆ ಸೆನ್ಸರ್ ಕಂಡಿದ್ದು ಹಾಗ್ಹಾಗೇ, ಅಡುಗೆ ಮಾಡದ ಅಕ್ಕಿ. ಕ್ಯಾನನ್‌ದು ಸಿಆರ್2, ಸಿಆರ್3, ನಿಕಾನ್‌ದು ಎನ್‌ಇಎಫ್, ಸೋನಿದು ಎಆರ್‌ಡಬ್ಲ್ಯೂ, ಅಡೋಬಿಯವ್ರು 2004ರಲ್ಲಿ ಎಲ್ರಿಗೂ ಒಂದೇ ಇರ್ಲಿ ಅಂತ ತಂದಿದ್ದು ಡಿಎನ್‌ಜಿ. ಜೆಪೆಗಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384 ಮೆಟ್ಟಿಲು. ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂದ್ರೆ, ರಾತ್ರಿ ಯಕ್ಷಗಾನ ತೆಗೆದಿದೀರ, ಪಾತ್ರಧಾರಿ ಮೇಲೆ ಬೆಳಕು ಬಿದ್ದು ಹಿಂದೆ ಭಾಗವತರು, ಮದ್ದಳೆಯವ್ರು ಕತ್ತಲಲ್ಲಿ ಮುಳುಗಿದಾರೆ. ಜೆಪೆಗಲ್ಲಿ ಆ ಕತ್ತಲನ್ನ ಎತ್ತಿದ್ರೆ ಬೂದಿ ಬಣ್ಣದ ಚೌಕಚೌಕ ಏಳುತ್ತೆ, ರಾದಲ್ಲಿ ಎತ್ತಿದ್ರೆ ಭಾಗವತರ ರುಮಾಲಿನ ಮಡಿಕೆ ಕಾಣುತ್ತೆ. ಆದ್ರೆ ಬೆಳಕು ಜಾಸ್ತಿಯಾಗಿ ಪೂರ್ತಿ ಬಿಳಿ ಸುಟ್ಟುಹೋಗಿದ್ರೆ ರಾದಲ್ಲೂ ಏನೂ ಸಿಗಲ್ಲ, ಅಲ್ಲಿ ಪವಾಡ ನಿರೀಕ್ಷೆ ಮಾಡ್ಬೇಡಿ. ಎಡಿಟ್ ಮಾಡೋ ಅಭ್ಯಾಸ ಇಲ್ದೇ ಇರೋರಿಗೆ ರಾ ಬೇಡ, ಸುಮ್ನೆ ಕಾರ್ಡ್ ತುಂಬುತ್ತೆ. ಇದ್ರೆ, ಮುಖ್ಯ ಕಾರ್ಯಕ್ರಮಕ್ಕೆ ರಾ ಪ್ಲಸ್ ಜೆಪೆಗ್ ಎರಡೂ ಇಡಿ.

ಟಿಫ್, ಸಾಮಾನ್ಯವಾಗಿ ಏನೂ ಬಿಸಾಕದೇ ಇಡೋ ದೊಡ್ಡ ಫೈಲ್, ಹಳೇ ಫೋಟೋ ಸ್ಕ್ಯಾನ್ ಮಾಡೋರಿಗೆ, ಪ್ರೆಸ್‌ಗೆ ಕೊಡೋರಿಗೆ. ವೆಬ್‌ಪಿ, ಎವಿಐಎಫ್ ವೆಬ್‌ಸೈಟ್ ನಡೆಸೋರಿಗೆ, ಸಣ್ಣ ಫೈಲ್, ಬೇಗ ಲೋಡ್ ಆಗುತ್ತೆ, ಮನೆ ಆಲ್ಬಂಗೆ ಬೇಕಿಲ್ಲ.

ಇಟ್ಕೊಳ್ಳೋ ಪದ್ಧತಿ

ಇದು ನಾನು ಈಗ ಮನೇಲಿ ಮಾಡ್ತಿರೋದು.

ಕಾರ್ಯಕ್ರಮ ಮುಗಿದ ವಾರದೊಳಗೆ ಎಲ್ರ ಮೊಬೈಲಿಂದ ಕೇಬಲ್ ಹಾಕಿ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ. ಫೋಲ್ಡರ್ ಹೆಸ್ರು '2024-05 ತಂಗಿ ಮದುವೆ' ಹೀಗೆ ವರ್ಷ ಮೊದ್ಲು, ಆಗ ತಾನಾಗೇ ಸಾಲಾಗಿ ಕೂರುತ್ತೆ. ಅದ್ರೊಳಗೆ 'ಒರಿಜಿನಲ್' ಅಂತ ಒಂದು, 'ಕಳಿಸೋಕೆ' ಅಂತ ಇನ್ನೊಂದು. ಒರಿಜಿನಲ್ ಫೋಲ್ಡರಿಗೆ ರೀಡ್-ಓನ್ಲಿ ಟಿಕ್ ಹಾಕ್ತೀನಿ, ಅಪ್ಪಿತಪ್ಪಿ ಯಾರಾದ್ರೂ ಎಡಿಟ್ ಮಾಡಿ ಅದೇ ಹೆಸ್ರಲ್ಲಿ ಸೇವ್ ಒತ್ತಿದ್ರೆ ತಡೆಯೋಕೆ. ಎರಡನೇ ಕಾಪಿ ಬೇರೆ ಡಿಸ್ಕಲ್ಲಿ, ಅದು ಅಣ್ಣನ ಮನೇಲಿ ಇರುತ್ತೆ. ಡಿಸ್ಕ್ ಕೆಟ್ಟೋದ್ರೆ ಫಾರ್ಮ್ಯಾಟ್ ಬಗ್ಗೆ ಓದಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಎಡಿಟ್ ಮಾಡ್ಬೇಕಾದ್ರೆ ಕಾಪಿ ತಗೊಂಡು ಮಾಡಿ. ಎರಡು ಮೂರು ದಿನ ಕೂತು ಮಾಡೋ ಕೆಲ್ಸ ಆದ್ರೆ ಮಧ್ಯೆ ಮಧ್ಯೆ ಜೆಪೆಗಲ್ಲಿ ಸೇವ್ ಮಾಡ್ಬೇಡಿ, ಫೋಟೋಶಾಪ್ ಆದ್ರೆ ಪಿಎಸ್‌ಡಿ, ಜಿಂಪ್ ಆದ್ರೆ ಎಕ್ಸ್‌ಸಿಎಫ್, ಎಲ್ಲಾ ಮುಗಿದ ಮೇಲೆ ಒಂದೇ ಒಂದು ಸಲ ಜೆಪೆಗ್. ಲೈಟ್‌ರೂಮ್, ಡಾರ್ಕ್‌ಟೇಬಲ್ ಥರದವು ಒರಿಜಿನಲ್ ಮುಟ್ಟೋದೇ ಇಲ್ಲ, ಏನ್ ಬದಲಾಯಿಸಿದ್ರಿ ಅನ್ನೋ ಪಟ್ಟಿ ಮಾತ್ರ ಬೇರೆ ಬರ್ಕೊಳ್ತವೆ, ಜಾಸ್ತಿ ಎಡಿಟ್ ಮಾಡೋರಿಗೆ ಅವೇ ಸರಿ.

ಅಡ್ಡ ಬಂದಿರೋ ಫೋಟೋ ತಿರುಗಿಸೋದ್ರಲ್ಲೂ ಒಂದು ಗುಟ್ಟು ಇದೆ. ಇರ್ಫಾನ್‌ವ್ಯೂ ಥರದ ಸಾಫ್ಟ್‌ವೇರಲ್ಲಿ 'ಲಾಸ್‌ಲೆಸ್ ರೊಟೇಟ್' ಅಂತ ಬೇರೆ ಆಯ್ಕೆ ಇರುತ್ತೆ, ಅದು 8 × 8 ಚೌಕಗಳನ್ನ ಬಿಚ್ಚದೇ ಹಾಗೇ ಎತ್ತಿ ತಿರುಗಿಸಿ ಇಡುತ್ತೆ. ಅದನ್ನೇ ಬಳಸಿ.

ಗೂಗಲ್ ಫೋಟೋಸಲ್ಲಿ ಬ್ಯಾಕಪ್ ಇಟ್ಟಿದೀನಿ ಅನ್ನೋರು ಬ್ಯಾಕಪ್ ಕ್ವಾಲಿಟಿ ಒಂದ್ಸಲ ತೆಗೆದು ನೋಡಿ. 'ಸ್ಟೋರೇಜ್ ಸೇವರ್' ಇದ್ರೆ ಫೋಟೋ ಮತ್ತೆ ಕಂಪ್ರೆಸ್ ಆಗಿರುತ್ತೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ರೆ 16ಕ್ಕೆ ಇಳಿದಿರುತ್ತೆ. ಮನೆ ಬಳಕೆಗೆ ಅದು ಕೆಟ್ಟದ್ದೇನಲ್ಲ, ಆದ್ರೆ ಅದಾದ್ಮೇಲೆ 'ಫ್ರೀ ಅಪ್ ಸ್ಪೇಸ್' ಒತ್ತಿದ್ರೆ ಫೋನಲ್ಲಿದ್ದ ಒರಿಜಿನಲ್ ಹೋಗಿ ಈ ಕಾಪಿ ಮಾತ್ರ ಉಳಿಯುತ್ತೆ.

ಕಳಿಸ್ವಾಗ

ವಾಟ್ಸಾಪಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದ್ರೆ ಉದ್ದನೆ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ, ಜೊತೆಗೆ ಚೆನ್ನಾಗಿ ಹಿಂಡುತ್ತೆ, ಫೋಟೋ ತೆಗೆದ ದಿನಾಂಕ, ಜಾಗದ ಮಾಹಿತಿನೂ ಕಿತ್ತಾಕುತ್ತೆ. 2023ರ ಆಗಸ್ಟಲ್ಲಿ ಎಚ್‌ಡಿ ಬಟನ್ ಬಂತು, ಅದು ವಾಸಿ, ಆದ್ರೆ ಅದೂ ಒರಿಜಿನಲ್ ಅಲ್ಲ. ಒರಿಜಿನಲ್ಲೇ ಬೇಕು ಅಂದ್ರೆ ಪೇಪರ್ ಕ್ಲಿಪ್ ಗುರುತು ಒತ್ತಿ, 'ಗ್ಯಾಲರಿ' ಬಿಟ್ಟು 'ಡಾಕ್ಯುಮೆಂಟ್' ಆರಿಸ್ಕೊಂಡು ಅಲ್ಲಿಂದ ಫೋಟೋ ಹಾಕಿ, ಫೈಲ್ ಇದ್ದ ಹಾಗೇ ಹೋಗುತ್ತೆ. ಹೋಗಿದೆಯಾ ಅಂತ ಗೊತ್ತಾಗೋಕೆ ಎಂಬಿ ನೋಡಿ, ನಿಮ್ಮ ಹತ್ರ 4.2 ಎಂಬಿ ಇದ್ರೆ ಅವ್ರ ಹತ್ರಾನೂ 4.2 ಇರ್ಬೇಕು.

ಬರೀ ಫಾರ್ವರ್ಡ್ ಒತ್ತೋದ್ರಿಂದ ದೊಡ್ಡ ಹಾನಿ ಆಗಲ್ಲ, ಹೋಗೋದು ಆಗ್ಲೇ ಹಿಂಡಿದ ಅದೇ ಫೈಲು. ಹಾನಿ ಆಗೋದು ಸ್ಟೇಟಸ್‌ನ ಸ್ಕ್ರೀನ್‌ಶಾಟ್ ತೆಗೆದಾಗ, 'ಶುಭೋದಯ' ಬರೆದು ಹೂವಿನ ಫ್ರೇಮ್ ಹಾಕಿ ಮತ್ತೆ ಅಪ್‌ಲೋಡ್ ಮಾಡಿದಾಗ. ನೂರಾರು ಫೋಟೋ ಇದ್ರೆ ಡ್ರೈವ್ ಲಿಂಕ್ ಕೊಡಿ, ಇಲ್ಲಾ ಪೆನ್‌ಡ್ರೈವ್ ಹಿಡ್ಕೊಂಡು ಅವ್ರ ಮನೇಗೆ ಹೋಗಿ, ಹೆಂಗೂ ತಿಂಡಿ ಸಿಗುತ್ತೆ.

ಪ್ರಿಂಟ್‌ಗೆ ಎಷ್ಟು ಪಿಕ್ಸೆಲ್

ಲೆಕ್ಕ ಸುಲಭ. ಇಂಚಿಗೆ 300 ಪಿಕ್ಸೆಲ್ ಇದ್ರೆ ಕೈಲಿ ಹಿಡ್ಕೊಂಡು ನೋಡೋಕೂ ಚೆಂದ, ಗೋಡೆ ಮೇಲೆ ನೇತಾಕೋ ಫ್ರೇಮಿಗೆ 150-200 ಸಾಕು, ರಸ್ತೆ ಬದಿ ಫ್ಲೆಕ್ಸಿಗೆ ಇನ್ನೂ ಕಮ್ಮಿ ನಡೆಯುತ್ತೆ, ಅದನ್ನ ದೂರದಿಂದ ನೋಡ್ತಾರೆ. ಫೋಟೋದ ಪಿಕ್ಸೆಲ್‌ನ ಇಂಚಿಂದ ಭಾಗಿಸಿ ನೋಡಿ ಅಷ್ಟೇ.

ವಾಟ್ಸಾಪಿಂದ ಬಂದ 1200 × 1600 ಫೋಟೋ 4 × 6 ಪ್ರಿಂಟಿಗೆ ಆರಾಮಾಗಿ ಬರುತ್ತೆ, 1200ನ 4ರಿಂದ ಭಾಗಿಸಿದ್ರೆ 300. ಅದೇ 12 ಇಂಚು ಅಗಲದ ಫ್ರೇಮಿಗೆ 100ಕ್ಕೆ ಇಳಿಯುತ್ತೆ, ಹತ್ರ ಹೋದ್ರೆ ಮಸುಕು. ಫೋನಿನ 12 ಮೆಗಾಪಿಕ್ಸೆಲ್ ಒರಿಜಿನಲ್ ಆದ್ರೆ 3000 ಭಾಗಿಸು 12, ಇಂಚಿಗೆ 250, ಬೊಂಬಾಟ್. ನಾನು ಸ್ಟುಡಿಯೋಗೆ ತಗೊಂಡು ಹೋಗಿದ್ದು 412 ಭಾಗಿಸು 12, ಇಂಚಿಗೆ 34. ಆ ಹುಡುಗ ಏನೂ ಇಲ್ಲ ಅಂದಿದ್ದು ಸುಳ್ಳಲ್ಲ. ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅನ್ನೋ ಜಾಗದಲ್ಲಿ 72 ತೆಗೆದು 300 ಅಂತ ಟೈಪ್ ಮಾಡಿಬಿಟ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಪಿಕ್ಸೆಲ್ ಎಣಿಕೆ ಬದಲಾಗದೇ ಅದು ಬರೀ ಬರವಣಿಗೆ.

ಬಣ್ಣದ ಪ್ರೊಫೈಲ್ (ಬಣ್ಣದ ನಂಬರ್‌ಗಳನ್ನ ಹೇಗೆ ಓದ್ಬೇಕು ಅನ್ನೋ ಸೂಚನೆ) ಎಸ್‌ಆರ್‌ಜಿಬಿ ಇರ್ಲಿ, ಸಾಮಾನ್ಯ ಲ್ಯಾಬ್‌ಗಳಿಗೆ ಅದೇ ಸರಿ.

ಅರ್ಜಿಗೆ ಕೆಬಿ ಇಳಿಸೋದು

ಇಲ್ಲಿ ಕ್ವಾಲಿಟಿ ಕಮ್ಮಿ ಮಾಡಲೇಬೇಕು, ಆದ್ರೆ ಕ್ರಮ ಇದೆ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆ ಅರ್ಜಿಗಳಲ್ಲಿ ಫೋಟೋ 200 × 230 ಪಿಕ್ಸೆಲ್, 20ರಿಂದ 50 ಕೆಬಿ, ಸಹಿ 140 × 60, 10ರಿಂದ 20 ಕೆಬಿ ಅಂತ ಕೇಳೋದು ರೂಢಿ, ಬೇರೆ ಅರ್ಜಿಗಳಿಗೆ ಬೇರೆ ಅಳತೆ, ನೋಟಿಫಿಕೇಶನ್ ಓದ್ಕೊಳ್ಳಿ. ಜನ ಮಾಡೋ ತಪ್ಪು ಏನಂದ್ರೆ 3000 × 4000 ಫೋಟೋನ ಹಾಗೇ ಇಟ್ಟು ಕ್ವಾಲಿಟಿ 5ಕ್ಕೆ ಎಳೀತಾರೆ, ಮುಖ ಇಟ್ಟಿಗೆ ಜೋಡಿಸಿದ ಹಾಗಾಗುತ್ತೆ. ಮೊದ್ಲು ಕ್ರಾಪ್, ಆಮೇಲೆ ಪಿಕ್ಸೆಲ್ ಅಳತೆಗೆ ರೀಸೈಜ್, ಕೊನೇಗೆ ಕ್ವಾಲಿಟಿ. ಅಳತೆಗೆ ಇಳಿಸಿದ ಮೇಲೆ ಕ್ವಾಲಿಟಿ 90 ಇಟ್ರೂ 50 ಕೆಬಿ ಒಳಗೇ ಬರುತ್ತೆ, ಎಷ್ಟೋ ಸಲ 20ಕ್ಕಿಂತ ಕಮ್ಮಿ ಬಂದು ಮತ್ತೆ ಏರಿಸ್ಬೇಕಾಗುತ್ತೆ. ಆಧಾರ್, ಸಹಿ ಇಂಥವನ್ನ ಗುರುತಿಲ್ಲದ ಕಂಪ್ರೆಸ್ ವೆಬ್‌ಸೈಟಿಗೆ ಹಾಕ್ಬೇಡಿ, ಕಂಪ್ಯೂಟರಲ್ಲೇ ಮಾಡ್ಕೊಳ್ಳಿ.

ಹಳೇ ಫೋಟೋ ಸ್ಕ್ಯಾನ್

ಟ್ರಂಕಲ್ಲಿರೋ ಅಜ್ಜಿ ಮದ್ವೆ ಫೋಟೋಗಳನ್ನ ಮೊಬೈಲಲ್ಲಿ ಕ್ಲಿಕ್ ಮಾಡಿ ಬಿಟ್ಬಿಡ್ಬೇಡಿ, ಮೇಲಿನ ಟ್ಯೂಬ್‌ಲೈಟ್ ಅದ್ರಲ್ಲಿ ಹೊಳೆಯುತ್ತೆ, ಅಂಚು ಸೊಟ್ಟ ಬರುತ್ತೆ. ಗಾಜಿನ ಮೇಲೆ ಫೋಟೋ ಮಲಗಿಸೋ ಫ್ಲಾಟ್‌ಬೆಡ್ ಸ್ಕ್ಯಾನರ್ ಹುಡುಕಿ. 4 × 6 ಪ್ರಿಂಟನ್ನ 600 ಡಿಪಿಐಲಿ ಮಾಡಿದ್ರೆ 2400 × 3600 ಪಿಕ್ಸೆಲ್, ಟಿಫಲ್ಲಿ ಸುಮಾರು 26 ಎಂಬಿ. ಪಾಸ್‌ಪೋರ್ಟ್ ಸೈಜಿನ ಚಿಕ್ಕ ಫೋಟೋ ಆದ್ರೆ 1200 ಡಿಪಿಐ. ಗಾಜಿನ ಮೇಲಿನ ಧೂಳು ಮೊದ್ಲು ಒರೆಸಿ, ಫೋಟೋ ಮೇಲಿಂದನ್ನ ಮೆತ್ತಗೆ ಊದಿ, ಬಟ್ಟೆ ಉಜ್ಜಬೇಡಿ. ಕಪ್ಪುಬಿಳುಪು ಫೋಟೋ ಆದ್ರೂ ಹಳದಿ ತಿರುಗಿದ್ರೆ ಕಲರಲ್ಲೇ ಸ್ಕ್ಯಾನ್ ಮಾಡಿ, ಕಲೆ ತೆಗೆಯೋಕೆ ಆ ಬಣ್ಣದ ವ್ಯತ್ಯಾಸನೇ ಸಹಾಯ ಮಾಡುತ್ತೆ. ಟಿಫ್ ಒರಿಜಿನಲ್ ಅಂತ ಇಟ್ಕೊಂಡು, ಜೆಪೆಗ್ ಕಾಪಿ ಮಾಡಿ ಮನೆಯವ್ರಿಗೆಲ್ಲ ಹಂಚಿ. ಹಿಂಭಾಗದಲ್ಲಿ ಏನಾದ್ರೂ ಬರೆದಿದ್ರೆ ಅದನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಸೀಲು, ಇಸವಿ ಸಿಗೋದು ಅಲ್ಲೇ.

ಈಗಾಗ್ಲೇ ಹಾಳಾಗಿದ್ರೆ

ಎಐ ಆ್ಯಪಿಗೆ ಹಾಕಿ ದೊಡ್ಡದು ಮಾಡ್ಸೋ ಮುಂಚೆ ಸ್ವಲ್ಪ ತಡೀರಿ. ಇಲ್ಲದೇ ಇರೋ ವಿವರನ ಅದು ಹುಡುಕಿ ಕೊಡಲ್ಲ, ಊಹೆ ಮಾಡಿ ಬರೆಯುತ್ತೆ. ದೊಡ್ಡಪ್ಪನ ಆ 38 ಕೆಬಿ ಫೋಟೋನ ನಾನೂ ಹಾಕಿ ನೋಡ್ದೆ, ಫಳಫಳ ಅಂತ ಬಂತು, ರೆಪ್ಪೆ ಕೂದಲೂ ಎಣಿಸ್ಬಹುದಿತ್ತು, ದೊಡ್ಡಮ್ಮಂಗೆ ತೋರಿಸಿದ್ರೆ ಸ್ವಲ್ಪ ಹೊತ್ತು ನೋಡಿ "ಇವ್ರು ಯಾರೋ" ಅಂದ್ರು.

ಅದ್ರ ಬದ್ಲು ಒರಿಜಿನಲ್ ಹುಡುಕಿ. ಫೋಟೋಲಿ ಯಾವ ದಿಕ್ಕಿಂದ ತೆಗೆದಿದಾರೆ, ಅಲ್ಲಿ ಯಾರು ಕೂತಿದ್ರು ಅಂತ ನೋಡಿದ್ರೆ ತೆಗೆದವ್ರು ಯಾರು ಅಂತ ಅರ್ಧ ಗೊತ್ತಾಗುತ್ತೆ. ಅವ್ರ ಹಳೇ ಫೋನ್, ಮೆಮೊರಿ ಕಾರ್ಡ್, ಕ್ಲೌಡ್ ಬ್ಯಾಕಪ್, ಲ್ಯಾಪ್‌ಟಾಪಿನ ಹಳೇ ಫೋಲ್ಡರ್, ಮದ್ವೆ ಫೋಟೋಗ್ರಾಫರ್ ಹತ್ರ ಇರ್ಬಹುದಾದ ಡಿಸ್ಕ್, ಒಂದೊಂದಾಗಿ ಕೇಳಿ. ಕಾರ್ಡ್ ಫಾರ್ಮ್ಯಾಟ್ ಆಗಿದ್ರೂ ಅದ್ರ ಮೇಲೆ ಹೊಸದೇನೂ ಬರೆಯದೇ ಇದ್ರೆ ಫೋಟೋರೆಕ್ ಅಂತ ಫ್ರೀ ಸಾಫ್ಟ್‌ವೇರಲ್ಲಿ ಸಿಗೋ ಸಾಧ್ಯತೆ ಇದೆ. ಎಂಬಿ ನೋಡಿ, ಪಿಕ್ಸೆಲ್ ನೋಡಿ, ಸಿಕ್ಕಿದ್ರಲ್ಲಿ ದೊಡ್ಡದು ಯಾವ್ದೋ ಅದೇ ಒರಿಜಿನಲ್‌ಗೆ ಹತ್ರದ್ದು.

ನಮಗೆ ಸಿಕ್ಕಿದ್ದು ಸೋದರತ್ತೆ ಮಗನ ಡ್ರಾಯರಲ್ಲಿ, ಸ್ಕ್ರೀನ್ ಒಡೆದು ಮೂಲೆಗೆ ಬಿದ್ದಿದ್ದ ಫೋನಿನ ಕಾರ್ಡಲ್ಲಿ. 3000 × 4000, 4.2 ಎಂಬಿ. ವೈಕುಂಠ ಸಮಾರಾಧನೆಗೆ ಚಿಕ್ಕ ಫೋಟೋನೇ ಇಟ್ಟು ಸುಧಾರಿಸಿದ್ವಿ, ದೊಡ್ಡ ಫ್ರೇಮ್ ಆಗಿದ್ದು ಮೊದಲನೇ ವರ್ಷದ ತಿಥಿಗೆ. ಶಲ್ಯದ ಜರಿ ಅಂಚು ಎಳೆ ಎಳೆಯಾಗಿ ಕಾಣುತ್ತೆ, ಎಡಗಡೆ ಅಂಚಲ್ಲಿ ಯಾರದ್ದೋ ಕೈ, ಕೈಯಲ್ಲಿ ಪಾನಕದ ಲೋಟ. ಕ್ರಾಪ್ ಮಾಡ್ಲಾ ಅಂತ ಸ್ಟುಡಿಯೋ ಹುಡುಗ ಕೇಳ್ದ. ದೊಡ್ಡಮ್ಮ ಬೇಡ ಅಂದ್ರು, ಅದು ಅವ್ರದ್ದೇ ಕೈ.